ಮೂಲೆಯ ಕಿಂಡಿ, ಬೆಳಕಿನ ಲೆಕ್ಕ

2016ರ ಜನವರಿಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಜಪಾನಿನ ಎರಡು ಹಳೆಯ ಕಂಪನಿಗಳು ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುವ ಎರಡು ಕ್ಯಾಮೆರಾಗಳನ್ನು ಹೊರತಂದವು. ಮೊದಲನೆಯದು ಫ್ಯೂಜಿಫಿಲ್ಮ್‌ನ ಎಕ್ಸ್-ಪ್ರೊ2, ಎರಡನೆಯದು ಒಲಿಂಪಸ್‌ನ ಪೆನ್-ಎಫ್. ಎರಡಕ್ಕೂ ಚಪ್ಪಟೆ ಮೈ, ಎಡ ಮೂಲೆಯಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ಬೆರಳಿನಿಂದ ತಿರುಗಿಸುವ ಲೋಹದ ಡಯಲ್‌ಗಳು. ಆದರೆ ಲೆನ್ಸಿನ ಹಿಂದೆ ಕುಳಿತು ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮಾತ್ರ ಎರಡರಲ್ಲೂ ಬೇರೆ ಬೇರೆ ಅಳತೆಯದು. ಸೆನ್ಸರ್ ದೊಡ್ಡದಿದ್ದಷ್ಟೂ ಕ್ಯಾಮೆರಾ ಮೇಲು ಎಂಬ ಮಾತು ಅಂಗಡಿಯಲ್ಲಿಯೂ ಜಾಹೀರಾತಿನಲ್ಲಿಯೂ ಬೇರೂರಿರುವುದರಿಂದ, ಹೊರಗೆ ಒಂದೇ ಬಗೆಯಾಗಿದ್ದು ಒಳಗೆ ಭಿನ್ನವಾಗಿರುವ ಈ ಜೋಡಿಯನ್ನು ಎದುರುಬದುರು ಇಟ್ಟು ನೋಡಿದರೆ, ಆ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ಅರೆನಿಜ ಎಂಬುದು ತಿಳಿಯಾಗುತ್ತದೆ.

ರೇಂಜ್‌ಫೈಂಡರ್ ಎಂಬ ಪರಂಪರೆ

ರೇಂಜ್‌ಫೈಂಡರ್ ಎಂದರೆ ಮೂಲತಃ ದೂರವನ್ನು ಅಳೆಯುವ ಸಾಧನ. ಕ್ಯಾಮೆರಾದ ಮುಂಭಾಗದಲ್ಲಿ ಕೆಲವು ಸೆಂಟಿಮೀಟರ್ ಅಂತರದಲ್ಲಿರುವ ಎರಡು ಕಿಂಡಿಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ನೋಡುತ್ತವೆ; ಆ ಎರಡು ಬಿಂಬಗಳು ಕಣ್ಣಿನೆದುರು ಒಂದರ ಮೇಲೊಂದು ಕೂಡುವವರೆಗೆ ಛಾಯಾಗ್ರಾಹಕ ಲೆನ್ಸಿನ ಉಂಗುರವನ್ನು ತಿರುಗಿಸುತ್ತಾನೆ, ಬಿಂಬಗಳು ಕೂಡಿದ ಕ್ಷಣದಲ್ಲಿ ಫೋಕಸ್ ಕೂಡ ಸರಿಹೊಂದಿರುತ್ತದೆ. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಈ ಸೌಲಭ್ಯ ಅದರೊಳಗೆ ಇರಲಿಲ್ಲ. 1932ರ ಲೈಕಾ 2 ಮಾದರಿಯಲ್ಲಿ ಅದು ಲೆನ್ಸಿನೊಡನೆ ಬೆಸೆದುಕೊಂಡಿತು, 1954ರ ಎಂ3 ಮಾದರಿಯಲ್ಲಿ ದೃಶ್ಯವನ್ನು ನೋಡುವ ಕಿಂಡಿಯೂ ಫೋಕಸ್ ನೋಡುವ ಕಿಂಡಿಯೂ ಒಂದಾದವು. ಬಳಿಕ ಲೆನ್ಸಿನ ಮೂಲಕವೇ ದೃಶ್ಯವನ್ನು ತೋರಿಸುವ, ಒಳಗೆ ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾಗಳು ಮುನ್ನೆಲೆಗೆ ಬಂದು ರೇಂಜ್‌ಫೈಂಡರ್ ಕೆಲವರ ಆಯ್ಕೆಯಾಗಿ ಉಳಿಯಿತು.

ಡಿಜಿಟಲ್ ಯುಗದಲ್ಲಿ ಆ ಕನ್ನಡಿಯನ್ನೇ ತೆಗೆದುಹಾಕಿ, ಸೆನ್ಸರ್ ಮೇಲೆ ಬಿದ್ದ ಬಿಂಬವನ್ನು ನೇರವಾಗಿ ಪುಟ್ಟ ಪರದೆಯಲ್ಲಿ ತೋರಿಸುವ ಮಿರರ್‌ಲೆಸ್ ಕ್ಯಾಮೆರಾಗಳು ಬಂದಾಗ, ಕಿಂಡಿಯನ್ನು ಲೆನ್ಸಿನ ನೆತ್ತಿಯ ಮೇಲೇ ಇಡಬೇಕೆಂಬ ಕಟ್ಟುಪಾಡು ಇಲ್ಲವಾಯಿತು. ಎಕ್ಸ್-ಪ್ರೊ2 ಮತ್ತು ಪೆನ್-ಎಫ್ ಎರಡರಲ್ಲೂ ಎರಡು ಬಿಂಬಗಳನ್ನು ಕೂಡಿಸುವ ಹಳೆಯ ಯಂತ್ರಾಂಗವಿಲ್ಲ, ಫೋಕಸ್ ಮಾಡುವುದು ಎಲೆಕ್ಟ್ರಾನಿಕ್ ವ್ಯವಸ್ಥೆಯೇ. ಆದ್ದರಿಂದಲೇ ಇವನ್ನು ರೇಂಜ್‌ಫೈಂಡರ್ ಎನ್ನದೆ ರೇಂಜ್‌ಫೈಂಡರ್ ಶೈಲಿಯ ಕ್ಯಾಮೆರಾ ಎನ್ನಬೇಕು. ಈ ಶೈಲಿ ಬರಿಯ ಅಲಂಕಾರವಲ್ಲ. ಬಲಗಣ್ಣನ್ನು ಎಡ ಮೂಲೆಯ ಕಿಂಡಿಗೆ ಇಟ್ಟಾಗ ಮೂಗು ಹಿಂಬದಿಯ ಪರದೆಗೆ ಒತ್ತುವುದಿಲ್ಲ, ಎಡಗಣ್ಣು ಕ್ಯಾಮೆರಾದ ಅಂಚಿನಾಚೆಗೆ ಬಿಡುವಾಗಿ ಉಳಿದು ಚೌಕಟ್ಟಿನ ಹೊರಗಿನ ಲೋಕವನ್ನು ನೋಡುತ್ತಿರುತ್ತದೆ, ಎದುರಿಗಿರುವ ಮನುಷ್ಯನಿಗೂ ಛಾಯಾಗ್ರಾಹಕನ ಅರ್ಧ ಮುಖವಾದರೂ ಕಾಣುತ್ತಿರುತ್ತದೆ. ಎಡಗಣ್ಣಿನಿಂದ ನೋಡುವ ರೂಢಿಯವರಿಗೆ ಈ ಅನುಕೂಲ ಬಹುಮಟ್ಟಿಗೆ ದಕ್ಕುವುದಿಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ಅರಿತಿರುವುದು ಒಳ್ಳೆಯದು.

ಎರಡು ಅಳತೆಗಳು, ಎರಡು ಹಳೆಯ ಹೆಸರುಗಳು

ಎಕ್ಸ್-ಪ್ರೊ2ರ ಸೆನ್ಸರ್ ಎಪಿಎಸ್-ಸಿ ಎಂಬ ವರ್ಗಕ್ಕೆ ಸೇರಿದ್ದು, ಅದರ ಅಳತೆ 23.5 ಮಿಲಿಮೀಟರ್ ಅಗಲ ಮತ್ತು 15.6 ಮಿಲಿಮೀಟರ್ ಎತ್ತರ. ಈ ಹೆಸರು 1996ರಲ್ಲಿ ಬಂದು ಬಹುಕಾಲ ಬಾಳದೆ ಹೋದ ಎಪಿಎಸ್ ಎಂಬ ಫಿಲ್ಮ್ ಪದ್ಧತಿಯ ಉಳಿಕೆ. ಪೆನ್-ಎಫ್‌ನ ಸೆನ್ಸರ್ ಮೈಕ್ರೊ ಫೋರ್ ಥರ್ಡ್ಸ್ ವರ್ಗದ್ದು, ಅಳತೆ 17.3 ಮತ್ತು 13 ಮಿಲಿಮೀಟರ್. ಇಲ್ಲಿನ ‘ಮೂರನೇ ನಾಲ್ಕಂಶ’ ಎಂಬ ಹಣೆಪಟ್ಟಿ ಹಳೆಯ ವಿಡಿಯೊ ಕ್ಯಾಮೆರಾ ಕೊಳವೆಗಳ ಹೊರವ್ಯಾಸವನ್ನು ಇಂಚುಗಳಲ್ಲಿ ಹೇಳುತ್ತಿದ್ದ ಪದ್ಧತಿಯಿಂದ ಬಂದದ್ದೇ ಹೊರತು ಸೆನ್ಸರಿನ ನಿಜವಾದ ಕರ್ಣದ ಅಳತೆಯಲ್ಲ. ಈ ಪದ್ಧತಿಯನ್ನು ಒಲಿಂಪಸ್ ಮತ್ತು ಪ್ಯಾನಸಾನಿಕ್ ಕಂಪನಿಗಳು 2008ರಲ್ಲಿ ಜೊತೆಯಾಗಿ ಘೋಷಿಸಿದವು. ಫ್ಯೂಜಿಫಿಲ್ಮ್‌ನ ಎಕ್ಸ್ ಲೆನ್ಸ್ ಪದ್ಧತಿ 2012ರಲ್ಲಿ ಎಕ್ಸ್-ಪ್ರೊ1ರೊಡನೆ ಆರಂಭವಾಯಿತು.

ಎರಡನ್ನೂ ಗುಣಿಸಿ ನೋಡಿದರೆ ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಸುಮಾರು 367 ಚದರ ಮಿಲಿಮೀಟರ್, ಫೋರ್ ಥರ್ಡ್ಸ್ ಸೆನ್ಸರಿನದು ಸುಮಾರು 225. ಅಂದರೆ ಮೊದಲನೆಯದು ಎರಡನೆಯದಕ್ಕಿಂತ 1.63 ಪಟ್ಟು ದೊಡ್ಡದು. ಆದರೆ ಈ ಸಂಖ್ಯೆ ಸ್ಥಿರವಲ್ಲ, ಏಕೆಂದರೆ ಎರಡರ ಆಕಾರವೂ ಬೇರೆ: ಒಂದು 3:2ರ ಉದ್ದನೆಯ ಆಯತ, ಇನ್ನೊಂದು 4:3ರ ಗಿಡ್ಡ ಆಯತ. ಕೊನೆಯ ಚಿತ್ರವನ್ನು ಚೌಕವಾಗಿಯೋ 4:3ರಲ್ಲಿಯೋ ಕತ್ತರಿಸಿ ಬಳಸುವವರಿಗೆ ದೊಡ್ಡ ಸೆನ್ಸರಿನ ಬದಿಗಳು ವ್ಯರ್ಥವಾಗಿ ಅನುಕೂಲ 1.44 ಪಟ್ಟಿಗೆ ಇಳಿಯುತ್ತದೆ. 3:2ರಲ್ಲಿ ಬಳಸುವವರಿಗೆ ಚಿಕ್ಕ ಸೆನ್ಸರಿನ ಮೇಲುಕೆಳಗಿನ ಪಟ್ಟಿಗಳು ವ್ಯರ್ಥವಾಗಿ ಅದು 1.84 ಪಟ್ಟಿಗೆ ಏರುತ್ತದೆ. ಚಿತ್ರದ ಸೂಕ್ಷ್ಮತೆಯ ವಿಚಾರದಲ್ಲಿಯೂ ಇದೇ ಕಥೆ. ಎಕ್ಸ್-ಪ್ರೊ2 ಕೊಡುವುದು 24 ಮೆಗಾಪಿಕ್ಸೆಲ್, ಪೆನ್-ಎಫ್ ಕೊಡುವುದು 20. ಆದರೆ ಚಿತ್ರದ ಗಿಡ್ಡ ಬದಿಯಲ್ಲಿ ಮೊದಲನೆಯದಕ್ಕೆ 4000 ಪಿಕ್ಸೆಲ್‌ಗಳಿದ್ದರೆ ಎರಡನೆಯದಕ್ಕೆ 3888 ಇವೆ, ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಎರಡೂ ಸುಮಾರು 13 ಇಂಚು ಎತ್ತರದ ಹಾಳೆಯನ್ನು ತುಂಬಬಲ್ಲವು. ಗೋಡೆಯ ಮೇಲೆ ತೂಗುಹಾಕುವ ಸಾಧಾರಣ ಗಾತ್ರದ ಚಿತ್ರದಲ್ಲಿ ಈ ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಕಷ್ಟ.

ಬೆಳಕಿನ ಎಣಿಕೆ

ಸೆನ್ಸರಿನ ಗಾತ್ರ ನಿಜವಾಗಿ ಕೆಲಸಕ್ಕೆ ಬರುವುದು ಮಂದ ಬೆಳಕಿನಲ್ಲಿ. ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ ಬರುತ್ತದೆ ಮತ್ತು ಆ ಬರುವಿಕೆ ಗಡಿಯಾರದಂತೆ ಕ್ರಮಬದ್ಧವಲ್ಲ. ಒಂದು ಪಿಕ್ಸೆಲ್ ಮೇಲೆ ಸರಾಸರಿ 10,000 ಫೋಟಾನ್ ಬೀಳುವ ಕಡೆ ಆ ಸಂಖ್ಯೆ ತನ್ನ ವರ್ಗಮೂಲದಷ್ಟು, ಅಂದರೆ ನೂರರಷ್ಟು, ಅತ್ತಿತ್ತ ಆಗುತ್ತಿರುತ್ತದೆ. ಹತ್ತು ಸಾವಿರದಲ್ಲಿ ನೂರು ಎಂದರೆ ನೂರಕ್ಕೆ ಒಂದು, ಕಣ್ಣಿಗೆ ಅದು ಕಾಣದು. ಆದರೆ ಮಬ್ಬುಗತ್ತಲೆಯಲ್ಲಿ ನೂರೇ ಫೋಟಾನ್ ಬಿದ್ದರೆ ಏರಿಳಿತ ಹತ್ತರಷ್ಟಾಗುತ್ತದೆ, ನೂರರಲ್ಲಿ ಹತ್ತು ಎಂದರೆ ನೂರಕ್ಕೆ ಹತ್ತು. ಒಂದೇ ಬಣ್ಣದ ಗೋಡೆಯೂ ರವೆ ಚೆಲ್ಲಿದಂತೆ ಕಾಳುಕಾಳಾಗಿ ಕಾಣತೊಡಗುತ್ತದೆ. ಛಾಯಾಗ್ರಾಹಕರು ನಾಯ್ಸ್ ಎಂದು ಕರೆಯುವ ದೋಷದ ಮುಖ್ಯ ಮೂಲ ಇದೇ. ಒಂದೇ ಬೆಳಕಿನಲ್ಲಿ, ಒಂದೇ ಅಪರ್ಚರ್, ಅಂದರೆ ಲೆನ್ಸಿನೊಳಗಿನ ತೆರಪಿನ ಎಫ್ ಅಳತೆ, ಮತ್ತು ಒಂದೇ ಶಟರ್ ವೇಗದಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ದೊಡ್ಡ ಸೆನ್ಸರಿನ ಚಿತ್ರಕ್ಕೆ 1.63 ಪಟ್ಟು ಬೆಳಕು ಸೇರಿರುವುದರಿಂದ ಅದು ಅಷ್ಟರಮಟ್ಟಿಗೆ ನುಣುಪಾಗಿರುತ್ತದೆ.

ಆ ‘ಅಷ್ಟರಮಟ್ಟಿಗೆ’ ಎಷ್ಟು ಎಂಬುದೇ ಪ್ರಶ್ನೆ. ಬೆಳಕು ಇಮ್ಮಡಿಯಾಗುವುದನ್ನೋ ಅರ್ಧವಾಗುವುದನ್ನೋ ಛಾಯಾಗ್ರಹಣದಲ್ಲಿ ಒಂದು ಸ್ಟಾಪ್ ಎನ್ನುತ್ತಾರೆ, 1.63 ಪಟ್ಟು ಎಂದರೆ ಸ್ಟಾಪಿನ ಹತ್ತರಲ್ಲಿ ಏಳು ಭಾಗ. ಹೋಲಿಕೆಗೆ ಹೇಳುವುದಾದರೆ, ಫುಲ್ ಫ್ರೇಮ್ ಎನ್ನಿಸಿಕೊಂಡಿರುವ 36 ಮತ್ತು 24 ಮಿಲಿಮೀಟರ್ ಅಳತೆಯ ಸೆನ್ಸರ್ ಎಕ್ಸ್-ಪ್ರೊ2ಕ್ಕಿಂತ ಒಂದೂಕಾಲು ಸ್ಟಾಪ್, ಪೆನ್-ಎಫ್‌ಗಿಂತ ಸುಮಾರು ಎರಡು ಸ್ಟಾಪ್ ಮುಂದಿರುತ್ತದೆ. ಈ ಇಬ್ಬರ ನಡುವಿನ ಅಂತರ ಅವರಿಬ್ಬರಿಗೂ ಫುಲ್ ಫ್ರೇಮಿಗೂ ಇರುವ ಅಂತರಕ್ಕಿಂತ ಕಡಿಮೆ ಎಂಬುದನ್ನು ನೆನಪಿಡಬೇಕು.

ಸೆನ್ಸರ್ ಒಂದೇ ಈ ಲೆಕ್ಕವನ್ನು ಮುಗಿಸುವುದಿಲ್ಲ, ಲೆನ್ಸ್ ಕೂಡ ಅದರಲ್ಲಿ ಪಾಲುದಾರ. ಫ್ಯೂಜಿಯ 35 ಮಿಲಿಮೀಟರ್ ಎಫ್/2 ಮತ್ತು ಒಲಿಂಪಸ್‌ನ 25 ಮಿಲಿಮೀಟರ್ ಎಫ್/1.8 ಲೆನ್ಸ್‌ಗಳು ಹೆಚ್ಚುಕಡಿಮೆ ಒಂದೇ ನೋಟವನ್ನು ಕೊಡುತ್ತವೆ. ತೂಕ ಕ್ರಮವಾಗಿ 170 ಮತ್ತು 137 ಗ್ರಾಂ. ಇಲ್ಲಿ ಚಿಕ್ಕ ಸೆನ್ಸರಿನ ಪದ್ಧತಿ ಹಗುರ. ಆದರೆ ಇನ್ನೂ ಹೆಚ್ಚು ಬೆಳಕು, ಅಂದರೆ ಇನ್ನೂ ಕಿರಿದಾದ ಎಫ್ ಸಂಖ್ಯೆ, ಬೇಕೆಂದಾಗ ತಕ್ಕಡಿ ಅತ್ತ ವಾಲುತ್ತದೆ: ಫ್ಯೂಜಿಯ 35 ಮಿಲಿಮೀಟರ್ ಎಫ್/1.4 ಲೆನ್ಸಿನ ತೂಕ 187 ಗ್ರಾಂ ಮಾತ್ರ, ಅದಕ್ಕೆ ಹೆಚ್ಚುಕಡಿಮೆ ಸಾಟಿಯಾಗುವ, ಒಲಿಂಪಸ್ ಅದೇ 2016ರಲ್ಲಿ ತಂದ 25 ಮಿಲಿಮೀಟರ್ ಎಫ್/1.2 ಲೆನ್ಸ್ 410 ಗ್ರಾಂ ತೂಗುತ್ತದೆ. ಚಿತ್ರದಲ್ಲಿ ಮುಖವೊಂದೇ ಸ್ಪಷ್ಟವಾಗಿದ್ದು ಹಿನ್ನೆಲೆ ಕರಗಿಹೋಗಬೇಕೆಂಬ ಅಪೇಕ್ಷೆಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಏಕೆಂದರೆ ಹಿನ್ನೆಲೆಯ ಮಸುಕನ್ನು ಬಹುಪಾಲು ನಿರ್ಧರಿಸುವುದು ಲೆನ್ಸಿನೊಳಗಿನ ತೆರಪಿನ ನಿಜವಾದ ಅಗಲ. ಹಗುರವಾದ ಚಿಕ್ಕ ಲೆನ್ಸ್‌ಗಳಿಗೆ ತೃಪ್ತರಾದವರಿಗೆ ಚಿಕ್ಕ ಸೆನ್ಸರ್ ವರ. ಅದರಿಂದಲೇ ದೊಡ್ಡ ಸೆನ್ಸರಿನ ನೋಟವನ್ನು ಹಿಂಡಹೊರಟರೆ ಆ ವರ ಕೈತಪ್ಪುತ್ತದೆ.

ನಿಂತ ಕಂಬ, ಕುಣಿವ ವೇಷ

ಪೆನ್-ಎಫ್‌ನ ಸೆನ್ಸರ್ ಒಂದೇ ಕಡೆ ಬಿಗಿದು ಕುಳಿತಿರುವುದಿಲ್ಲ. ಕೈ ನಡುಗಿದಾಗ ಆ ಅಲುಗಾಟವನ್ನು ಗ್ರಹಿಸಿ, ಸೆನ್ಸರನ್ನು ವಿರುದ್ಧ ದಿಕ್ಕಿಗೆ ಸರಿಸಿ ಚಿತ್ರವನ್ನು ನಿಲ್ಲಿಸುವ ಐದು ಅಕ್ಷಗಳ ಸ್ಥಿರೀಕರಣ ವ್ಯವಸ್ಥೆ ಅದರಲ್ಲಿದೆ, ಅದರ ನೆರವು ಐದು ಸ್ಟಾಪಿನಷ್ಟು ಎಂದು ಕಂಪನಿ ಹೇಳಿತ್ತು. ಎಕ್ಸ್-ಪ್ರೊ2ರಲ್ಲಿ ಇದು ಇಲ್ಲ. ಫ್ಯೂಜಿಫಿಲ್ಮ್‌ನ ಎಕ್ಸ್ ಸರಣಿಗೆ ಇಂಥ ವ್ಯವಸ್ಥೆ ಬಂದದ್ದು 2018ರ ಎಕ್ಸ್-ಎಚ್1 ಮಾದರಿಯಿಂದ.

ಇದರ ಫಲ ಏನೆಂಬುದು ಎರಡು ದೃಶ್ಯಗಳಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯದು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ. ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು ಅಲ್ಲಿ ತೀರ ಮಂದ, ಕಂಬದ ಮೈಮೇಲಿನ ಉಂಗುರದಂಥ ಏಣುಗಳೂ ತಲೆಯ ಮೇಲಿನ ಮದನಿಕೆಯರೂ ಅಲುಗಾಡುವವರಲ್ಲ. ಎಫ್/2 ಅಪರ್ಚರಿನಲ್ಲಿ ಬರಿಗೈಯಿಂದ ನಡುಕವಿಲ್ಲದ ಚಿತ್ರ ಬೇಕಾದರೆ ಎಕ್ಸ್-ಪ್ರೊ2 ಹಿಡಿದವರು ಶಟರನ್ನು ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಇಟ್ಟು, ಬೆಳಕಿನ ಕೊರತೆ ತುಂಬಲು ಐಎಸ್‌ಒ, ಅಂದರೆ ಸಂವೇದನೆಯ ಮಟ್ಟವನ್ನು 6400ಕ್ಕೆ ಏರಿಸಬೇಕಾಯಿತು ಎಂದಿಟ್ಟುಕೊಳ್ಳೋಣ. ಪೆನ್-ಎಫ್ ಹಿಡಿದವರು ಸ್ಥಿರೀಕರಣವನ್ನು ನೆಚ್ಚಿ, ಕಂಬವೊಂದಕ್ಕೆ ಭುಜ ಆನಿಸಿ, ಉಸಿರು ಬಿಗಿಹಿಡಿದು, ಅರ್ಧ ಸೆಕೆಂಡಿನ ಶಟರಿನಲ್ಲಿ ಐಎಸ್‌ಒ 200ರಲ್ಲಿಯೇ ಅದೇ ಚಿತ್ರವನ್ನು ತೆಗೆಯಬಹುದು. ಶಟರ್ ಸುಮಾರು 30 ಪಟ್ಟು ಹೆಚ್ಚು ಹೊತ್ತು ತೆರೆದಿರುವುದರಿಂದ, ಸೆನ್ಸರ್ ಚಿಕ್ಕದಾದರೂ ಅದಕ್ಕೆ ಒಟ್ಟಾರೆ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಬೆಳಕು ದಕ್ಕುತ್ತದೆ, ಚಿತ್ರ ಕಲ್ಲಿನ ನುಣುಪನ್ನೂ ನೆರಳಿನೊಳಗಿನ ಕೆತ್ತನೆಯನ್ನೂ ಉಳಿಸಿಕೊಳ್ಳುತ್ತದೆ. ಟ್ರೈಪಾಡ್ ಹೂಡಲು ಅವಕಾಶವಿರುವ ಕಡೆಯಾದರೆ, ಸೆನ್ಸರನ್ನು ಅರ್ಧ ಪಿಕ್ಸೆಲ್‌ನಷ್ಟು ಸರಿಸುತ್ತ ಎಂಟು ಬಾರಿ ಚಿತ್ರ ತೆಗೆದು ಬೆಸೆದು 50 ಮೆಗಾಪಿಕ್ಸೆಲ್ ಚಿತ್ರ ಕೊಡುವ ಸೌಲಭ್ಯವೂ ಪೆನ್-ಎಫ್‌ನಲ್ಲಿದೆ.

ಎರಡನೆಯ ದೃಶ್ಯ ಇರುಳಿನ ಯಕ್ಷಗಾನ ಬಯಲಾಟ. ಚೆಂಡೆಯ ಪೆಟ್ಟಿಗೆ ಪುಂಡುವೇಷದ ಕಲಾವಿದ ಗಾಳಿಯಲ್ಲಿ ತಿರುಗಿ ದಿಗಿಣ ಹಾಕುವಾಗ, ಕಿರೀಟದ ಮಣಿಗಳೂ ಸೊಂಟದ ಝಾಲರಿಯೂ ಒಂದೊಂದು ದಿಕ್ಕಿಗೆ ಹಾರುತ್ತಿರುತ್ತವೆ. ಇದನ್ನು ಹಿಡಿಯಲು ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಾದರೂ ಇರಬೇಕು. ಇಲ್ಲಿ ಅಲುಗುತ್ತಿರುವುದು ಕೈಯಲ್ಲ, ಕಲಾವಿದ. ಕೈಯ ನಡುಕವನ್ನು ತಡೆಯುವ ಯಾವ ವ್ಯವಸ್ಥೆಯೂ ಕಲಾವಿದನ ಕುಣಿತವನ್ನು ನಿಲ್ಲಿಸಲಾರದು. ಐದು ಸ್ಟಾಪಿನ ನೆರವು ಇಲ್ಲಿ ಶೂನ್ಯವಾಗಿ, ಉಳಿಯುವುದು ಸೆನ್ಸರಿನ ವಿಸ್ತೀರ್ಣ ಮತ್ತು ಲೆನ್ಸಿನ ಅಪರ್ಚರ್ ಮಾತ್ರ. ಚಲಿಸುವ ವಸ್ತುವನ್ನು ಬೇಗ ಗುರುತಿಸುವ ಫೇಸ್ ಡಿಟೆಕ್ಷನ್ ಎಂಬ ಫೋಕಸ್ ವಿಧಾನ ಸೆನ್ಸರಿನ ಮೇಲೆಯೇ ಇರುವುದೂ ಎಕ್ಸ್-ಪ್ರೊ2ರಲ್ಲಿ ಮಾತ್ರ. ಪೆನ್-ಎಫ್ ಬಿಂಬದ ಸ್ಪಷ್ಟತೆಯನ್ನು ಮತ್ತೆ ಮತ್ತೆ ಅಳೆದು ಫೋಕಸ್ ಹುಡುಕುತ್ತದೆ, ನಿಂತ ವಸ್ತುವಿನ ಮೇಲೆ ಅದು ಚುರುಕಾಗಿದ್ದರೂ ಎದುರಿಗೆ ನುಗ್ಗಿಬರುವ ವೇಷದ ಮುಂದೆ ಹಿಂದೆ ಬೀಳುತ್ತದೆ.

ಹೀಗೆ, ಯಾವ ಸೆನ್ಸರ್ ಮೇಲು ಎಂಬ ಪ್ರಶ್ನೆಗೆ ಉತ್ತರ ಕ್ಯಾಮೆರಾದೊಳಗೆ ಇರುವುದಿಲ್ಲ, ಕ್ಯಾಮೆರಾದ ಎದುರಿಗೆ ಇರುತ್ತದೆ. ನಿಂತದ್ದನ್ನು ತೆಗೆಯುವವರಿಗೆ ಹೊತ್ತು ಸಿಗುತ್ತದೆ, ಹೊತ್ತು ಸಿಕ್ಕವರಿಗೆ ಬೆಳಕು ಸಿಗುತ್ತದೆ. ಚಲಿಸುವುದನ್ನು ತೆಗೆಯುವವರಿಗೆ ಆ ಕ್ಷಣದಲ್ಲಿ ಬಿದ್ದಷ್ಟೇ ಬೆಳಕು, ಅದನ್ನು ಹಿಡಿಯಲು ದೊಡ್ಡ ಸೆನ್ಸರೇ ಬೇಕು.

ಕಿಂಡಿಯೊಳಗಿನ ವ್ಯತ್ಯಾಸ

ಸೆನ್ಸರ್ ಬಗ್ಗೆ ನಡೆಯುವ ಚರ್ಚೆಯಲ್ಲಿ ಮರೆತುಹೋಗುವ ಅಂಶವೊಂದಿದೆ: ಈ ಎರಡು ಕ್ಯಾಮೆರಾಗಳಲ್ಲಿ ಛಾಯಾಗ್ರಾಹಕ ಲೋಕವನ್ನು ನೋಡುವ ರೀತಿಯೇ ಬೇರೆ. ಪೆನ್-ಎಫ್‌ನ ಮೂಲೆಯ ಕಿಂಡಿಯೊಳಗಿರುವುದು ಪುಟ್ಟ ಎಲೆಕ್ಟ್ರಾನಿಕ್ ಪರದೆ. ಚಿತ್ರ ಕೊನೆಗೆ ಹೇಗೆ ಬರಲಿದೆಯೋ ಹಾಗೆಯೇ, ಅದೇ ಬಣ್ಣ ಅದೇ ಬೆಳಕಿನಲ್ಲಿ, ತೆಗೆಯುವ ಮೊದಲೇ ಅಲ್ಲಿ ಕಾಣುತ್ತದೆ. ಎಕ್ಸ್-ಪ್ರೊ2ರ ಕಿಂಡಿ ಎರಡು ಬಗೆಯದು. ಮುಂಭಾಗದ ಪುಟ್ಟ ಸನ್ನೆಯನ್ನು ಒಂದು ಸಲ ಎಳೆದರೆ ಅಲ್ಲಿಯೂ ಎಲೆಕ್ಟ್ರಾನಿಕ್ ಪರದೆ ಬರುತ್ತದೆ. ಇನ್ನೊಂದು ಸಲ ಎಳೆದರೆ ಪರದೆ ಮರೆಯಾಗಿ, ಬರಿಯ ಗಾಜಿನ ಮೂಲಕ ಲೋಕ ನೇರವಾಗಿ ಕಾಣುತ್ತದೆ, ಆ ನೋಟದ ಮೇಲೆ ಚಿತ್ರದ ಮೇರೆಯನ್ನು ತೋರಿಸುವ ಬಿಳಿಗೆರೆಯ ಚೌಕಟ್ಟು ತೇಲುತ್ತಿರುತ್ತದೆ. ಗಾಜಿನ ನೋಟದಲ್ಲಿ ಚೌಕಟ್ಟಿನ ಹೊರಗಿರುವುದೂ ಕಾಣುವುದರಿಂದ, ಬೀದಿಯಲ್ಲಿ ಯಾರೋ ಬದಿಯಿಂದ ನಡೆದುಬಂದು ಚಿತ್ರದೊಳಗೆ ಸೇರಲಿದ್ದಾರೆ ಎಂಬುದು ಮೊದಲೇ ತಿಳಿಯುತ್ತದೆ. ಹಳೆಯ ರೇಂಜ್‌ಫೈಂಡರ್ ಛಾಯಾಗ್ರಾಹಕರ ದೊಡ್ಡ ಬಲ ಇದೇ ಆಗಿತ್ತು.

ಈ ಗಾಜಿನ ನೋಟಕ್ಕೆ ಬೆಲೆಯೂ ಇದೆ. ಕಿಂಡಿ ಮೂಲೆಯಲ್ಲಿ, ಲೆನ್ಸ್ ನಡುವೆ ಇರುವುದರಿಂದ ಹತ್ತಿರದ ವಸ್ತುಗಳ ವಿಚಾರದಲ್ಲಿ ಕಣ್ಣು ಕಂಡದ್ದಕ್ಕೂ ಲೆನ್ಸ್ ಕಂಡದ್ದಕ್ಕೂ ಸ್ಥಾನಪಲ್ಲಟವಾಗುತ್ತದೆ, ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಫೋಕಸ್ ಆದ ದೂರಕ್ಕೆ ತಕ್ಕಂತೆ ಚೌಕಟ್ಟನ್ನು ಸರಿಸಿ ಕ್ಯಾಮೆರಾ ಅದನ್ನು ತಿದ್ದಿಕೊಳ್ಳುತ್ತದೆಯಾದರೂ, ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್‌ಗಳಲ್ಲಿ ಚೌಕಟ್ಟು ತೀರ ಕಿರಿದಾಗಿ ಗಾಜಿನ ನೋಟ ನಿರುಪಯುಕ್ತವಾಗುತ್ತದೆ. ಇತ್ತ ಪೆನ್-ಎಫ್‌ನ ಹಿಂಬದಿಯ ಪರದೆ ಎಲ್ಲ ದಿಕ್ಕಿಗೂ ಮಡಚಿ ತಿರುಗುತ್ತದೆ, ಬೆರಳು ಮುಟ್ಟಿದ ಕಡೆ ಫೋಕಸ್ ಮಾಡುತ್ತದೆ. ನೆಲಮಟ್ಟದಿಂದ ರಂಗೋಲಿಯನ್ನೋ ಗಿಡದಡಿಯ ಅಣಬೆಯನ್ನೋ ತೆಗೆಯುವವರಿಗೆ ಇದು ನೆರವು. ಎಕ್ಸ್-ಪ್ರೊ2ರ ಪರದೆ ಅಲುಗದು, ಮುಟ್ಟಿದರೆ ಸ್ಪಂದಿಸದು.

ಡಯಲ್‌ಗಳು, ಬಣ್ಣಗಳು, ಮಳೆ

ಎರಡೂ ಕ್ಯಾಮೆರಾಗಳಿಗೆ ಫಿಲ್ಮ್ ಕಾಲದ ನೆನಪು ದಟ್ಟವಾಗಿದೆ. 1934ರಲ್ಲಿ ಫಿಲ್ಮ್ ತಯಾರಿಕೆಗೆಂದೇ ಹುಟ್ಟಿದ ಫ್ಯೂಜಿಫಿಲ್ಮ್, ತನ್ನ ವೆಲ್ವಿಯಾ, ಪ್ರೊವಿಯಾ ಮೊದಲಾದ ಫಿಲ್ಮ್‌ಗಳ ಬಣ್ಣವನ್ನು ಡಿಜಿಟಲ್‌ನಲ್ಲಿ ಮರುಸೃಷ್ಟಿಸುವ ವಿಧಾನಗಳನ್ನು ಕ್ಯಾಮೆರಾದೊಳಗೆ ಇಟ್ಟಿತು. ಅಕ್ರಾಸ್ ಎಂಬ ಕಪ್ಪುಬಿಳುಪು ಫಿಲ್ಮ್‌ನ ಛಾಯೆ ಮೊದಲು ಬಂದದ್ದು ಎಕ್ಸ್-ಪ್ರೊ2ರಲ್ಲಿಯೇ. ಹಳೆಯ ಕ್ಯಾಮೆರಾಗಳಂತೆ ಶಟರ್ ಡಯಲಿನ ಅಂಚನ್ನು ಮೇಲೆತ್ತಿ ತಿರುಗಿಸಿ ಐಎಸ್‌ಒ ಬದಲಿಸುವ ಏರ್ಪಾಡೂ ಅದರಲ್ಲಿದೆ. ಪೆನ್-ಎಫ್ ಎಂಬ ಹೆಸರು ಯೊಶಿಹಿಸಾ ಮೈತಾನಿ ವಿನ್ಯಾಸ ಮಾಡಿದ 1963ರ ಪೆನ್ ಎಫ್ ಕ್ಯಾಮೆರಾದ್ದು. 36 ಚಿತ್ರಗಳ ಒಂದು ರೋಲಿನಲ್ಲಿ 72 ಚಿತ್ರ ಕೊಡುತ್ತಿದ್ದ ಆ ಹಾಫ್ ಫ್ರೇಮ್ ಕ್ಯಾಮೆರಾದ ಚಿತ್ರದ ಅಳತೆ 18 ಮತ್ತು 24 ಮಿಲಿಮೀಟರ್, ಅಂದರೆ ಅಂದು ‘ಅರ್ಧ’ ಎನಿಸಿಕೊಂಡದ್ದು ಇಂದಿನ ಈ ಎರಡು ಸೆನ್ಸರ್‌ಗಳಿಗಿಂತಲೂ ದೊಡ್ಡದು. ಹೊಸ ಪೆನ್-ಎಫ್‌ನ ಮುಂಭಾಗದ ಡಯಲನ್ನು ತಿರುಗಿಸಿ, ಒಂದೊಂದು ಬಣ್ಣದ ಗಾಢತೆಯನ್ನೂ ಕಪ್ಪುಬಿಳುಪಿನ ಛಾಯೆಗಳನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು.

ಫ್ಯೂಜಿಯ ಸೆನ್ಸರಿನಲ್ಲಿ ಬಣ್ಣ ಗುರುತಿಸುವ ಪುಟ್ಟ ಶೋಧಕಗಳ ಜೋಡಣೆಯೂ ಭಿನ್ನ. ಕೊಡಾಕ್‌ನ ಬ್ರೈಸ್ ಬೇಯರ್ ರೂಪಿಸಿದ, ಪೆನ್-ಎಫ್ ಸೇರಿದಂತೆ ಬಹುತೇಕ ಕ್ಯಾಮೆರಾಗಳು ಬಳಸುವ ಎರಡಕ್ಕೆರಡರ ವಿನ್ಯಾಸದ ಬದಲು ಅದು ಆರಕ್ಕಾರರ ಎಕ್ಸ್-ಟ್ರಾನ್ಸ್ ವಿನ್ಯಾಸವನ್ನು ಬಳಸುತ್ತದೆ. ಇದರಿಂದ ರೇಷ್ಮೆ ಸೀರೆಯ ಸಣ್ಣ ನೇಯ್ಗೆಯಂಥ ಕಡೆಗಳಲ್ಲಿ ಹುಸಿ ಅಲೆಗಳು ಮೂಡುವುದು ತಗ್ಗುತ್ತದೆ. ಆದರೆ ಕೆಲವು ತಂತ್ರಾಂಶಗಳಲ್ಲಿ ಅತಿಯಾಗಿ ಹರಿತಗೊಳಿಸಿದರೆ ದೂರದ ಎಲೆಗೊಂಚಲು ಹುಳು ಹರಿದಂತೆ ಕಾಣುವುದುಂಟು.

ಮಳೆನಾಡಿನ ಓದುಗರು ಗಮನಿಸಬೇಕಾದ ಸಂಗತಿ ಇನ್ನೊಂದು. ಎಕ್ಸ್-ಪ್ರೊ2ರ ಮೈಯಲ್ಲಿ 61 ಕಡೆ ದೂಳು, ತೇವ ನುಗ್ಗದಂತೆ ತಡೆಗಳಿವೆ, ಎರಡು ಮೆಮೊರಿ ಕಾರ್ಡ್‌ಗಳಿಗೆ ಸ್ಥಳವಿದೆ. ಪೆನ್-ಎಫ್‌ಗೆ ಆ ತಡೆಗಳಿಲ್ಲ, ಕಾರ್ಡ್ ಒಂದೇ. ತೂಕ ಬ್ಯಾಟರಿ, ಕಾರ್ಡ್ ಸೇರಿ ಕ್ರಮವಾಗಿ 495 ಮತ್ತು 427 ಗ್ರಾಂ. ಬಿಡುಗಡೆಯಾದಾಗ ಅಮೆರಿಕದಲ್ಲಿ ಮೊದಲನೆಯದರ ಬೆಲೆ 1,699 ಡಾಲರ್, ಎರಡನೆಯದರದು 1,199 ಡಾಲರ್ ಇತ್ತು. ಫ್ಯೂಜಿಫಿಲ್ಮ್ 2019ರಲ್ಲಿ ಎಕ್ಸ್-ಪ್ರೊ3ನ್ನು ತಂದಿತು. ಒಲಿಂಪಸ್ ತನ್ನ ಕ್ಯಾಮೆರಾ ವ್ಯವಹಾರದಿಂದ ಹೊರಬಂದು, 2021ರ ಆರಂಭದಿಂದ ಅದು ಒಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಹೊಸ ಸಂಸ್ಥೆಯ ಪಾಲಾಯಿತು. ಅದೇ ವರ್ಷ ಬಂದ ಇ-ಪಿ7 ಪೆನ್-ಎಫ್‌ನ ಬಣ್ಣದ ಸೌಲಭ್ಯವನ್ನು ಉಳಿಸಿಕೊಂಡರೂ ಮೂಲೆಯ ಕಿಂಡಿಯನ್ನು ಕೈಬಿಟ್ಟಿತು.

ಆಯ್ಕೆಯ ಮಾತು

ಹತ್ತರಲ್ಲಿ ಏಳು ಭಾಗ ಸ್ಟಾಪಿನ ಅಂತರವೇ ಈ ಎರಡು ಕ್ಯಾಮೆರಾಗಳ ಹಣೆಬರಹವನ್ನು ಬರೆಯುವುದಿಲ್ಲ. ಸ್ಥಿರೀಕರಣ, ಲೆನ್ಸಿನ ತೂಕ, ಫೋಕಸ್ ವಿಧಾನ, ಕಿಂಡಿಯ ಸ್ವರೂಪ, ಮಳೆಯ ತಡೆ ಇವುಗಳಲ್ಲಿ ಒಂದೊಂದೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ. ದೇವಾಲಯ, ಶಿಲ್ಪ, ಊರಿನ ಹಳೆಯ ಮನೆ, ಪಯಣದ ನೋಟಗಳನ್ನು ಹಗುರ ಚೀಲದೊಡನೆ ನಿಧಾನವಾಗಿ ತೆಗೆಯುವವರಿಗೆ ಪೆನ್-ಎಫ್ ಇಂದಿಗೂ ಉತ್ತಮ ಆಯ್ಕೆ. ರಂಗದ ಮೇಲಿನ ಆಟ, ಜಾತ್ರೆಯ ನೂಕುನುಗ್ಗಲು, ಮದುವೆಮನೆ, ಮಳೆಯ ಬೀದಿ ಇವುಗಳಲ್ಲಿ ಮನುಷ್ಯರನ್ನು ಹಿಡಿಯಹೊರಟವರಿಗೆ ಎಕ್ಸ್-ಪ್ರೊ2ವೇ ಸರಿ. ಇವೆರಡರಲ್ಲಿ ಒಂದನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳಬಯಸುವವರು ಮೊದಲು ತಮ್ಮ ಈವರೆಗಿನ ಚಿತ್ರಗಳಲ್ಲಿ ಮೆಚ್ಚಿನ ನೂರನ್ನು ಆಯ್ದು ಮುಂದಿಟ್ಟುಕೊಂಡು, ಅವುಗಳಲ್ಲಿ ಎಷ್ಟು ನಿಂತಿವೆ, ಎಷ್ಟು ಚಲಿಸುತ್ತಿವೆ ಎಂದು ಎಣಿಸಿ ನೋಡಬೇಕು. ಸೆನ್ಸರಿನ ಅಳತೆಯ ಪಟ್ಟಿಗಿಂತ ಆ ಎಣಿಕೆ ಹೆಚ್ಚು ನಂಬಲರ್ಹವಾದ ಸಲಹೆಗಾರ.